ಚಕ್ರದ ಹೊಟ್ಟೆಯೊಳಗಿನ ಸ್ಪ್ರಿಂಗು

ಎತ್ತಿನ ಗಾಡಿಯಲ್ಲಿ ಕುಳಿತು ಹತ್ತು ಮೈಲಿ ಹೋದವರಿಗೂ, ಜಟಕಾ ಬಂಡಿಯಲ್ಲಿ ಅಷ್ಟೇ ದೂರ ಹೋದವರಿಗೂ, ಇಳಿಯುವ ಹೊತ್ತಿಗೆ ಮೈಯಲ್ಲಿ ಉಳಿದಿರುತ್ತಿದ್ದ ನೋವು ಒಂದೇ ತೆರನಾಗಿರುತ್ತಿರಲಿಲ್ಲ. ಗಾಡಿಯ ಅಚ್ಚಿಗೂ ಅದರ ಮೇಲಿನ ಹಲಗೆಗೂ ನಡುವೆ ಬಳುಕುವಂಥದು ಏನೂ ಇರಲಿಲ್ಲ. ಜಟಕಾದ ಅಚ್ಚಿನ ಮೇಲಾದರೋ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳಿರುತ್ತಿದ್ದವು. ಈ ವ್ಯತ್ಯಾಸವನ್ನು ಅರಿಯಲು ಯಂತ್ರಶಾಸ್ತ್ರವನ್ನು ಓದಬೇಕಾಗಿರಲಿಲ್ಲ, ಬೆನ್ನೊಂದಿದ್ದರೆ ಸಾಕಾಗಿತ್ತು. ಆಶ್ಚರ್ಯದ ಸಂಗತಿಯೆಂದರೆ, ಗಂಟೆಗೆ ಎಂಬತ್ತು ತೊಂಬತ್ತು ಮೈಲಿ ವೇಗದಲ್ಲಿ ಓಡಬಲ್ಲ ಮೋಟಾರ್ ಸೈಕಲ್ಲು ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಮುಂದಿನಿಂದ ನೋಡಿದರೆ ಜಟಕಾ, ಹಿಂದಿನಿಂದ ನೋಡಿದರೆ ಎತ್ತಿನ ಗಾಡಿ ಎಂಬಂತಿತ್ತು.

ಮುಂಚಕ್ರಕ್ಕೆ ಸ್ಪ್ರಿಂಗುಗಳುಳ್ಳ ಫೋರ್ಕು ಬಹು ಹಿಂದೆಯೇ ಬಂದಿತ್ತು. ಹಿಂಚಕ್ರ ಮಾತ್ರ ಚೌಕಟ್ಟಿನ ಎರಡು ಕೊಳವೆಗಳ ತುದಿಗೆ ನಟ್ಟಿನಿಂದ ಬಿಗಿದುಕೊಂಡು ಕುಳಿತಿರುತ್ತಿತ್ತು. ರಸ್ತೆಯ ಪ್ರತಿಯೊಂದು ಕಲ್ಲೂ ಆ ಕೊಳವೆಗಳ ಮೂಲಕವೇ ಸವಾರನಿಗೆ ತನ್ನ ಇರವನ್ನು ತಿಳಿಸುತ್ತಿತ್ತು. ಸವಾರನಿಗಾದರೂ ಸೀಟಿನ ಕೆಳಗೆ ಎರಡು ದಪ್ಪ ಸುರುಳಿ ಸ್ಪ್ರಿಂಗುಗಳ ಆಸರೆಯಿತ್ತು. ಅವನ ಹಿಂದೆ, ಮಡ್‌ಗಾರ್ಡಿನ ಮೇಲೆ ತಿರುಪು ಹಾಕಿ ಕೂಡಿಸಿದ ಸಣ್ಣ ಮೆತ್ತೆಯ ಮೇಲೆ ಕುಳಿತ ಹೆಂಡತಿಗೆ ಅದೂ ಇಲ್ಲ. ಆ ಕಾಲದ ದಂಪತಿಗಳ ಎಷ್ಟು ಪ್ರವಾಸಗಳು ಮೌನದಲ್ಲಿ ಮುಗಿದವೋ ಯಾರೂ ಲೆಕ್ಕವಿಟ್ಟಿಲ್ಲ.

ಈಗ ಹಳೆಯ ಮೋಟಾರ್ ಸೈಕಲ್ಲುಗಳನ್ನು ಹುಡುಕಿ ತಂದು, ತುಕ್ಕು ಬಿಡಿಸಿ, ಬಣ್ಣ ಬಳಿದು ಓಡಿಸುವ ಹವ್ಯಾಸ ಲೋಕದಲ್ಲೆಲ್ಲ ಹಬ್ಬಿದೆ. ಅಂಥ ಯಂತ್ರವೊಂದು ಮನೆಯಂಗಳಕ್ಕೆ ಬಂದ ಕೂಡಲೇ ಯಜಮಾನನ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಈ ಹಿಂಚಕ್ರವನ್ನು ಇದ್ದಂತೆಯೇ ಇರಗೊಡಬೇಕೆ, ಸುಧಾರಿಸಬೇಕೆ? ಪ್ರಶ್ನೆ ಹೊಸದಲ್ಲ. ಆ ಯಂತ್ರಗಳು ಹೊಸದಾಗಿದ್ದಾಗಲೇ ಅವುಗಳನ್ನು ಕಟ್ಟಿದವರು ಅದಕ್ಕೆ ಉತ್ತರ ಹುಡುಕುತ್ತ ತಲೆ ಕೆಡಿಸಿಕೊಂಡಿದ್ದರು. ಒಬ್ಬನ ಉತ್ತರ ಜಾಣತನದ್ದು, ಇನ್ನೊಬ್ಬನದು ಧೈರ್ಯದ್ದು.

ನಾಲ್ಕು ಸೆಕೆಂಡುಗಳ ಪಾಠ

ಹಿಂಚಕ್ರಕ್ಕೆ ಸ್ಪ್ರಿಂಗು ಕೊಡುವ ಯೋಚನೆ ಯಾರಿಗೂ ಬಂದಿರಲಿಲ್ಲವೆಂದಲ್ಲ. ಅಮೆರಿಕದ ಇಂಡಿಯನ್ ಕಂಪನಿ ೧೯೧೩ರಲ್ಲಿಯೇ ಪಟ್ಟಿ ಸ್ಪ್ರಿಂಗುಗಳುಳ್ಳ ಚೌಕಟ್ಟನ್ನು ಮಾರುಕಟ್ಟೆಗೆ ತಂದಿತ್ತು. ಇಂಗ್ಲೆಂಡಿನಲ್ಲಿ ಫಿಲಿಪ್ ವಿನ್ಸೆಂಟ್ ಎಂಬ ತರುಣ ೧೯೨೮ರಿಂದ ಇದೇ ಹಟ ಹಿಡಿದಿದ್ದ. ಅದೇ ವರ್ಷ ಇಟಲಿಯ ಗುಝ್ಝಿ ಕಾರ್ಖಾನೆಯವರು ತಮ್ಮ ಸ್ಪ್ರಿಂಗು ಚೌಕಟ್ಟಿನ ಯಂತ್ರವನ್ನು ಪರೀಕ್ಷಿಸಲು ಉತ್ತರಧ್ರುವ ವೃತ್ತದ ಆಚೆಗೂ ಓಡಿಸಿ ತಂದಿದ್ದರು. ಆದರೆ ಬ್ರಿಟಿಷ್ ಕಾರ್ಖಾನೆಗಳ ಹಿರಿಯರಿಗೆ ಇದೆಲ್ಲ ಒಪ್ಪಿಗೆಯಾಗಿರಲಿಲ್ಲ. ಹಿಂದಿನ ಚಕ್ರ ಅಲುಗಾಡಿದರೆ ಯಂತ್ರ ಓಲಾಡುತ್ತದೆ, ತಿರುವಿನಲ್ಲಿ ಸವಾರನನ್ನು ಕೆಡವುತ್ತದೆ ಎಂಬುದು ಅವರ ನಂಬಿಕೆ. ಅಂದಿನ ಸಡಿಲ ಕೀಲುಗಳನ್ನು ನೋಡಿದರೆ ಆ ನಂಬಿಕೆಗೆ ಕಾರಣವಿರಲಿಲ್ಲವೆಂದು ಹೇಳುವಂತಿಲ್ಲ.

೧೯೩೫ರ ಜೂನ್ ೨೨ರಂದು ಮ್ಯಾನ್ ದ್ವೀಪದಲ್ಲಿ ಆ ನಂಬಿಕೆ ಅಲುಗಿತು. ಏಳು ಸುತ್ತು, ೨೬೪ ಮೈಲಿಗಳ ಸೀನಿಯರ್ ಟಿ.ಟಿ. ಪಂದ್ಯ. ನಾರ್ಟನ್ ಕಂಪನಿಯ ಜಿಮ್ಮಿ ಗಥ್ರಿ, ಹಿಂದೆ ಸ್ಪ್ರಿಂಗಿಲ್ಲದ ಯಂತ್ರದ ಮೇಲೆ, ಎಲ್ಲರಿಗಿಂತ ಮೊದಲು ಹೊರಟಿದ್ದ. ಐರ್ಲೆಂಡಿನ ಸ್ಟ್ಯಾನ್ಲಿ ವುಡ್ಸ್ ಹಿಂಚಕ್ರಕ್ಕೂ ಸ್ಪ್ರಿಂಗುಳ್ಳ ಗುಝ್ಝಿಯನ್ನೇರಿ ಹದಿನಾಲ್ಕೂವರೆ ನಿಮಿಷ ತಡವಾಗಿ ಹೊರಟ. ಅಲ್ಲಿ ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರದಿಂದ ಗೆಲವನ್ನು ನಿರ್ಣಯಿಸುವುದು ಪದ್ಧತಿ. ಆರು ಸುತ್ತು ಮುಗಿದಾಗ ವುಡ್ಸ್ ೨೬ ಸೆಕೆಂಡು ಹಿಂದಿದ್ದ. ಅವನು ಪೆಟ್ರೋಲಿಗಾಗಿ ನಿಲ್ಲುತ್ತಾನೆಂದು ತೋರುವಂತೆ ಅವನ ಕಡೆಯವರು ಸಿದ್ಧರಾಗಿ ನಿಂತಿದ್ದರು. ಅವನು ನಿಲ್ಲದೆ ಗುಡುಗಿಕೊಂಡು ಹೋಗಿಬಿಟ್ಟ! ಅತ್ತ ಗಥ್ರಿ ಪಂದ್ಯವನ್ನು ಮುಗಿಸಿ ಅಭಿನಂದನೆಗಳನ್ನು ಸ್ವೀಕರಿಸುತ್ತಿದ್ದ, ಛಾಯಾಚಿತ್ರಗಾರರು ಸುತ್ತುವರಿದಿದ್ದರು. ಇತ್ತ ವುಡ್ಸ್ ಕೊನೆಯ ಸುತ್ತನ್ನು ಗಂಟೆಗೆ ೮೬.೫೩ ಮೈಲಿಯ ದಾಖಲೆ ವೇಗದಲ್ಲಿ ಮುಗಿಸಿದ. ಲೆಕ್ಕ ಹಾಕಿ ನೋಡಿದರೆ ವುಡ್ಸ್ ನಾಲ್ಕು ಸೆಕೆಂಡುಗಳಿಂದ ಗೆದ್ದಿದ್ದ.

ಗೆಲವಿಗೆ ವುಡ್ಸನ ಚಾತುರ್ಯವೆಷ್ಟು, ಸ್ಪ್ರಿಂಗು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನಾರ್ಟನ್ನಿನವರು ಮಾತ್ರ ಆ ಚರ್ಚೆಗೆ ಹೋಗಲಿಲ್ಲ. ಮರುವರ್ಷವೇ ಅವರ ಪಂದ್ಯದ ಯಂತ್ರಗಳ ಹಿಂಭಾಗದಲ್ಲಿ ಸ್ಪ್ರಿಂಗುಗಳು ಕಾಣಿಸಿಕೊಂಡವು.

ಟರ್ನರನ ಜಾಣತನ

ಕಾವೆಂಟ್ರಿಯ ಟ್ರಯಂಫ್ ಕಾರ್ಖಾನೆಯ ಮುಖ್ಯಸ್ಥ ಎಡ್ವರ್ಡ್ ಟರ್ನರ್ ಹಣದ ಬೆಲೆಯನ್ನು ಬಲ್ಲವನಾಗಿದ್ದ. ೧೯೩೭ರಲ್ಲಿ ಆತ ಹೊರತಂದ ಸ್ಪೀಡ್ ಟ್ವಿನ್ ಎಂಬ ಜೋಡಿ ಸಿಲಿಂಡರಿನ ಯಂತ್ರ ಹಗುರವಾಗಿತ್ತು, ಅಂದವಾಗಿತ್ತು, ಚೆನ್ನಾಗಿ ಮಾರಾಟವೂ ಆಗುತ್ತಿತ್ತು. ಹಿಂಚಕ್ರಕ್ಕೆ ಸ್ಪ್ರಿಂಗು ಬೇಕೆಂದರೆ ಇಡೀ ಚೌಕಟ್ಟನ್ನು ಹೊಸದಾಗಿ ಎಳೆಯಬೇಕು, ಹೊಸ ಅಚ್ಚುಗಳನ್ನು ಮಾಡಿಸಬೇಕು. ಅಷ್ಟು ಖರ್ಚು ಏಕೆ? ಚೌಕಟ್ಟನ್ನು ಮುಟ್ಟದೆ ಸ್ಪ್ರಿಂಗನ್ನು ಚಕ್ರದ ಒಳಗೇ ಅಡಗಿಸಿಬಿಟ್ಟರೆ?

ಹೀಗೆ ಹುಟ್ಟಿದ್ದು ಸ್ಪ್ರಂಗ್ ಹಬ್. ಯುದ್ಧಕ್ಕೆ ಮುಂಚೆಯೇ ಅದರ ಕಲ್ಪನೆ ಸಿದ್ಧವಾಗಿತ್ತು. ೧೯೪೦ರ ನವೆಂಬರಿನಲ್ಲಿ ಜರ್ಮನ್ ವಿಮಾನಗಳ ಬಾಂಬು ದಾಳಿಗೆ ಕಾವೆಂಟ್ರಿಯ ಕಾರ್ಖಾನೆ ನೆಲಸಮವಾಯಿತು. ಕಂಪನಿ ಮೆರಿಡನ್ ಎಂಬ ಹಳ್ಳಿಯ ಬಳಿ ಹೊಸ ಕಟ್ಟಡ ಕಟ್ಟಿಕೊಂಡು ಸೈನ್ಯಕ್ಕಾಗಿ ದುಡಿಯಿತು. ಆದ್ದರಿಂದ ಈ ಹಬ್ಬು ಗಿರಾಕಿಗಳ ಕೈ ಸೇರಲು ಯುದ್ಧ ಮುಗಿಯುವವರೆಗೂ ಕಾಯಬೇಕಾಯಿತು.

ಸಾಮಾನ್ಯ ಚಕ್ರದ ಹಬ್ಬು ಮುಷ್ಟಿಯ ಗಾತ್ರದ್ದು. ಇದಾದರೋ ಅಡುಗೆಮನೆಯ ದೊಡ್ಡ ಡಬರಿಯಷ್ಟು ಅಗಲ. ಒಳಗಿನ ಏರ್ಪಾಟು ಸ್ವಾರಸ್ಯವಾದುದು. ಅಚ್ಚು ಚೌಕಟ್ಟಿಗೆ ಬಿಗಿದುಕೊಂಡಿರುತ್ತದೆ, ಅದು ಅಲುಗುವುದಿಲ್ಲ. ಅದರ ಸುತ್ತ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ, ಅಚ್ಚಿನ ಮೇಲೂ ಕೆಳಗೂ ಬಲವಾದ ಸ್ಪ್ರಿಂಗುಗಳು. ಈ ಪೆಟ್ಟಿಗೆಯ ಹೊರಗೆ ದೊಡ್ಡ ಬೇರಿಂಗುಗಳ ಮೇಲೆ ಹಬ್ಬು ತಿರುಗುತ್ತದೆ. ಚಕ್ರ ಕಲ್ಲನ್ನು ಹತ್ತಿದಾಗ ಪೆಟ್ಟಿಗೆಯೂ ಅದರೊಡನೆ ಮೇಲೇರುತ್ತದೆ, ಕೆಳಗಿನ ಸ್ಪ್ರಿಂಗು ಕುಗ್ಗಿ ಪೆಟ್ಟನ್ನು ನುಂಗುತ್ತದೆ. ಹಳ್ಳಕ್ಕೆ ಇಳಿದಾಗ ಮೇಲಿನದು ಎಳೆತವನ್ನು ತಡೆಯುತ್ತದೆ. ಚೈನಿನ ಗತಿಯೇನು ಎಂದು ಕೇಳುವ ಬುದ್ಧಿವಂತರಿಗೂ ಟರ್ನರ್ ಉತ್ತರ ಸಿದ್ಧವಾಗಿಟ್ಟಿದ್ದ. ಪೆಟ್ಟಿಗೆ ಜಾರುವ ದಾರಿ ನೇರವಾಗಿರದೆ ತುಸು ಬಾಗಿದೆ. ಗೇರುಪೆಟ್ಟಿಗೆಯ ಹಲ್ಲುಚಕ್ರವನ್ನು ಕೇಂದ್ರವಾಗಿಟ್ಟುಕೊಂಡು ಎಳೆದ ವೃತ್ತದ ತುಣುಕು ಅದು. ಚಕ್ರ ಮೇಲೆ ಹೋಗಲಿ, ಕೆಳಗೆ ಬರಲಿ, ಹಲ್ಲುಚಕ್ರದಿಂದ ಅದರ ದೂರ ಬದಲಾಗದು, ಚೈನು ಸಡಿಲವಾಗದು.

ಚಲನೆ ಹೆಚ್ಚೇನೂ ಇಲ್ಲ, ಎರಡು ಅಂಗುಲದಷ್ಟು. ಆದರೂ ಬೆನ್ನು ಅದನ್ನು ಗುರುತಿಸಿತು. ಅದೇ ಹಬ್ಬಿನಲ್ಲಿ ಎಂಟು ಅಂಗುಲದ ಬ್ರೇಕು ಬೇರೆ ಸಿಕ್ಕಿತು. ಎಲ್ಲಕ್ಕಿಂತ ದೊಡ್ಡ ಆಕರ್ಷಣೆಯೆಂದರೆ, ಅದೇ ಬಗೆಯ ಚೌಕಟ್ಟುಳ್ಳ ಹಳೆಯ ಟ್ರಯಂಫ್ ಇದ್ದವನು ಈ ಚಕ್ರವೊಂದನ್ನು ಕೊಂಡು, ತನ್ನ ಹಳೆಯದನ್ನು ತೆಗೆದು, ಇದನ್ನು ಕೂಡಿಸಿಬಿಡಬಹುದಾಗಿತ್ತು. ಹಳೆಯ ಮನೆಗೆ ಗೋಡೆ ಒಡೆಯದೆ ಹೊಸ ಕೋಣೆ ಬಂದಂತೆ!

೧೯೪೬ರ ಸೆಪ್ಟೆಂಬರಿನಲ್ಲಿ, ಮಳೆ ಸುರಿಯುತ್ತಿದ್ದ ಮ್ಯಾನ್ ದ್ವೀಪದಲ್ಲಿಯೇ, ಐರಿಷ್ ರೈತ ಎರ್ನಿ ಲಯನ್ಸ್ ಈ ಹಬ್ಬನ್ನು ತೊಡಿಸಿದ ಟೈಗರ್ ೧೦೦ ಯಂತ್ರದ ಮೇಲೆ ಸೀನಿಯರ್ ಮ್ಯಾಂಕ್ಸ್ ಗ್ರ್ಯಾಂಡ್ ಪ್ರಿ ಪಂದ್ಯವನ್ನು ಗೆದ್ದ. ಯಂತ್ರವನ್ನು ಪರೀಕ್ಷಿಸಿದಾಗ ಚೌಕಟ್ಟಿನ ಮುಂದಿನ ಕೊಳವೆ ಮುರಿದಿದ್ದುದು ಕಂಡುಬಂತು. ಹಿಂಚಕ್ರ ಹೇಗೋ ತನ್ನ ಕೆಲಸ ಮಾಡಿತ್ತು, ಚೌಕಟ್ಟಿಗೆ ಸೋಲಾಗಿತ್ತು.

ಜಾಣತನದ ಬೆಲೆ

ಇಷ್ಟು ಸೊಗಸಾದ ಉಪಾಯ ಏಳೆಂಟು ವರ್ಷಗಳಲ್ಲಿ ಮೂಲೆಗುಂಪಾದುದೇಕೆ? ಕಾರಣ ಅದರ ಸೊಗಸಿನಲ್ಲಿಯೇ ಇತ್ತು.

ಸ್ಪ್ರಿಂಗಿನ ಕೆಳಗಿರುವ ಭಾರ ಬೇರೆ, ಮೇಲಿರುವ ಭಾರ ಬೇರೆ. ಮೇಲಿನ ಭಾರ, ಅಂದರೆ ಎಂಜಿನ್ನು, ಸವಾರ, ಚೌಕಟ್ಟು, ನೆಮ್ಮದಿಯಾಗಿ ತೇಲಿಕೊಂಡು ಹೋಗಬೇಕು. ಕೆಳಗಿನ ಭಾರ, ಅಂದರೆ ಚಕ್ರ, ರಸ್ತೆಯ ಏರಿಳಿತಗಳನ್ನು ಬೆನ್ನಟ್ಟಿ ಓಡಬೇಕು. ಬೆನ್ನಟ್ಟುವವನು ಹಗುರವಾಗಿರಬೇಕೆಂಬುದನ್ನು ಯಾರಾದರೂ ಬಲ್ಲರು. ಟರ್ನರನ ಹಬ್ಬು ಚಕ್ರದ ಭಾರವನ್ನು ಸುಮಾರು ಏಳೆಂಟು ಕಿಲೋಗ್ರಾಂ ಹೆಚ್ಚಿಸಿತು. ಕಲ್ಲಿನ ಮೇಲೆ ಹಾರಿದ ಭಾರದ ಚಕ್ರ ನೆಲಕ್ಕೆ ಮರಳುವುದು ನಿಧಾನ. ಅದು ಗಾಳಿಯಲ್ಲಿರುವಷ್ಟು ಹೊತ್ತು ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ಸ್ಪ್ರಿಂಗಿನ ಪುಟಿತವನ್ನು ತಗ್ಗಿಸುವ ಎಣ್ಣೆಯ ಡ್ಯಾಂಪರಿಗೆ ಆ ಹೊಟ್ಟೆಯಲ್ಲಿ ಜಾಗವೂ ಇರಲಿಲ್ಲ.

ಸವೆತ ಇನ್ನೊಂದು ಕಷ್ಟ. ಜಾರುವ ಪೆಟ್ಟಿಗೆಯಾಗಲಿ ಬೇರಿಂಗುಗಳಾಗಲಿ ಕೂದಲೆಳೆಯಷ್ಟು ಸವೆದರೂ ಆ ಸಡಿಲ ಚಕ್ರದ ಅಂಚಿಗೆ ಬರುವಷ್ಟರಲ್ಲಿ ದೊಡ್ಡದಾಗುತ್ತಿತ್ತು. ವೇಗವಾಗಿ ತಿರುವು ತೆಗೆದುಕೊಳ್ಳುವಾಗ ಯಂತ್ರದ ಹಿಂಭಾಗ ತನ್ನದೇ ಅಭಿಪ್ರಾಯವನ್ನು ಹೇಳತೊಡಗುತ್ತಿತ್ತು. ಎರಡನೆಯ ಮಾದರಿಯಲ್ಲಿ ಕಂಪನಿಯವರು ಬೇರಿಂಗುಗಳನ್ನು ಉತ್ತಮಗೊಳಿಸಿದರೂ ಮೂಲದ ಕೊರತೆ ಹೋಗಲಿಲ್ಲ.

ಮೂರನೆಯದು ಅಪಾಯದ ಮಾತು. ಆ ಸ್ಪ್ರಿಂಗುಗಳನ್ನು ಕಾರ್ಖಾನೆಯಲ್ಲಿ ಅದುಮಿ ಒಳಗೆ ತುಂಬಿರುತ್ತಾರೆ. ವಿಶೇಷ ಸಾಧನವಿಲ್ಲದೆ ಪೆಟ್ಟಿಗೆಯನ್ನು ಬಿಚ್ಚಕೂಡದೆಂದು ಕಂಪನಿಯ ಕೈಪಿಡಿಯೇ ಎಚ್ಚರಿಸುತ್ತಿತ್ತು. ಸ್ಪ್ಯಾನರೊಂದೇ ಸಾಕೆಂದು ಕುತೂಹಲದಿಂದ ಬಿಚ್ಚಹೊರಟವನ ಮುಖದೆದುರಿಗೆ ಕಟ್ಟಿ ಹಾಕಿದ ಹುಲಿಯನ್ನು ಬಿಟ್ಟಂತಾಗುತ್ತದೆ. ಸ್ಪ್ರಿಂಗು ಎಪ್ಪತ್ತು ವರ್ಷ ಹಳೆಯದಾದರೂ ಅದರ ಸಿಟ್ಟು ಹಳೆಯದಾಗಿರುವುದಿಲ್ಲ.

ಬೆಲ್‌ಫಾಸ್ಟಿನ ಗರಗಸ

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ರೆಕ್ಸ್ ಮೆಕ್‌ಕ್ಯಾಂಡ್‌ಲೆಸ್ ಎಂಬಾತನಿದ್ದ. ಹದಿಮೂರನೆಯ ವಯಸ್ಸಿಗೇ ಶಾಲೆ ಬಿಟ್ಟವನು. ಯಂತ್ರವಿದ್ಯೆಯನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ಆದ್ದರಿಂದಲೇ ಏನು ಸಾಧ್ಯವಿಲ್ಲವೆಂಬುದೂ ಅವನಿಗೆ ತಿಳಿದಿರಲಿಲ್ಲ. ಅವನು ಓಡಿಸುತ್ತಿದ್ದುದೂ ಟ್ರಯಂಫ್ ಟೈಗರ್ ೧೦೦ ಯಂತ್ರವನ್ನೇ. ಅದರ ಎಂಜಿನ್ನಿನ ಮೇಲೆ ಅವನಿಗೆ ದೂರಿರಲಿಲ್ಲ, ಅದು ರಸ್ತೆಯನ್ನು ಹಿಡಿಯುತ್ತಿದ್ದ ಬಗೆಯ ಮೇಲಿತ್ತು.

ಟರ್ನರ್ ಚೌಕಟ್ಟನ್ನು ಉಳಿಸಲು ಚಕ್ರವನ್ನು ಬದಲಿಸಿದ. ರೆಕ್ಸ್ ಚಕ್ರವನ್ನು ಹಗುರವಾಗಿಯೇ ಇಟ್ಟು ಚೌಕಟ್ಟನ್ನು ಬದಲಿಸಿದ. ಯುದ್ಧದ ದಿನಗಳಲ್ಲಿಯೇ ಅವನು ತನಗಾಗಿ ಒಂದು ಯಂತ್ರ ಕಟ್ಟಿಕೊಂಡ. ಹಿಂಚಕ್ರವನ್ನು ಹಿಡಿಯಲು ಒಂದು ಕವಲುತೋಳು. ಅದರ ಮುಂತುದಿ ಗೇರುಪೆಟ್ಟಿಗೆಯ ಹಿಂದೆ ಕೀಲಿನ ಮೇಲೆ ತೂಗುತ್ತದೆ, ಹಿಂತುದಿಯಲ್ಲಿ ಚಕ್ರ. ತೋಳಿಗೂ ಸೀಟಿನ ಕೆಳಗಿನ ಚೌಕಟ್ಟಿಗೂ ನಡುವೆ ಎರಡೂ ಕಡೆ ನೆಟ್ಟಗೆ ನಿಂತ ಎಣ್ಣೆಯ ಷಾಕ್ ಅಬ್ಸಾರ್ಬರುಗಳು. ಅವನ್ನು ಸಿಟ್ರೊಯೆನ್ ಕಾರಿನಿಂದ ಕಿತ್ತು ತಂದಿದ್ದ. ಸ್ವಿಂಗಿಂಗ್ ಆರ್ಮ್ ಎಂದು ಇಂದು ಮೆಕ್ಯಾನಿಕ್ಕರೆಲ್ಲ ಬಲ್ಲ ಏರ್ಪಾಟು ಇದೇ. ತೂಗುವ ತೋಳು ಅವನ ಸ್ವಂತ ಆವಿಷ್ಕಾರವಲ್ಲ, ಹಿಂದೆಯೂ ಕೆಲವರು ಪ್ರಯತ್ನಿಸಿದ್ದುಂಟು. ತೋಳು ಬಳುಕದಂತೆ ಮಾಡಿ, ಅದಕ್ಕೆ ತಕ್ಕ ಡ್ಯಾಂಪರನ್ನು ಜೋಡಿಸಿದ್ದು ಅವನ ಹೆಚ್ಚಳ.

ಯುದ್ಧಾನಂತರ ಇದೇ ಏರ್ಪಾಟನ್ನು ಹಳೆಯ ಯಂತ್ರಗಳಿಗೆ ಕೂಡಿಸುವ ಸಾಮಗ್ರಿಯೂ ಮಾರಾಟಕ್ಕೆ ಬಂತು. ಕೂಡಿಸುವ ವಿಧಾನ ಎದೆಗಾರರಿಗೆ ಮಾತ್ರ ಹೇಳಿದ್ದು. ಮೊದಲು ಗರಗಸ ತೆಗೆದುಕೊಂಡು ಸೀಟಿನ ಹಿಂದಿನ ಚೌಕಟ್ಟನ್ನು ಕತ್ತರಿಸಿ ಬಿಸಾಡಬೇಕು! ಕಂತಿನಲ್ಲಿ ಕೊಂಡ ಯಂತ್ರದ ಬಾಲವನ್ನು ಕತ್ತರಿಸುವಾಗ ಎಷ್ಟೋ ಜನರ ಕೈ ನಡುಗಿರಬೇಕು.

೧೯೪೯ರ ಹೊತ್ತಿಗೆ ನಾರ್ಟನ್ ಕಂಪನಿ ರೆಕ್ಸನನ್ನು ಕರೆಸಿಕೊಂಡಿತು. ಅವನೂ ಅವನ ಸಹೋದರ ಕ್ರೋಮಿಯೂ ರೂಪಿಸಿದ ಚೌಕಟ್ಟನ್ನು ಓಡಿಸಿ ನೋಡಿದ ಹೆರಾಲ್ಡ್ ಡ್ಯಾನಿಯಲ್ ಎಂಬ ಸವಾರ, ಗರಿಯ ಹಾಸಿಗೆಯ ಮೇಲೆ ಕುಳಿತಂತಿದೆ ಎಂದನಂತೆ. ಚೌಕಟ್ಟಿಗೆ ಫೆದರ್‌ಬೆಡ್ ಎಂಬ ಹೆಸರೇ ನಿಂತಿತು. ೧೯೫೦ರ ಟಿ.ಟಿ.ಯಲ್ಲಿ ಸೀನಿಯರ್, ಜೂನಿಯರ್ ಎರಡು ಪಂದ್ಯಗಳಲ್ಲಿಯೂ ಮೊದಲ ಮೂರು ಸ್ಥಾನಗಳು ನಾರ್ಟನ್ನಿನವಾದವು. ಆಮೇಲೆ ವಾದಕ್ಕೆ ಆಸ್ಪದ ಉಳಿಯಲಿಲ್ಲ. ಮೆರಿಡನ್ನಿನಲ್ಲಿ ಟರ್ನರ್ ಕೂಡ ಮಣಿದ. ೧೯೫೪ರ ಟೈಗರ್ ಮಾದರಿಗಳಿಗೆ ತೂಗುವ ತೋಳು ಬಂತು, ಸ್ಪ್ರಂಗ್ ಹಬ್ಬಿನ ಕಾಲ ಮುಗಿಯಿತು.

ಅದೇ ೧೯೫೪ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯೂ ತನ್ನ ೨೫೦ ಸಿ.ಸಿ. ಯಂತ್ರದ ಹಿಂಭಾಗದಲ್ಲಿ ನೆಟ್ಟಗೆ ಜಾರುವ ಸ್ಪ್ರಿಂಗುಗಳನ್ನು ತೆಗೆದು ತೂಗುವ ತೋಳನ್ನು ಅಳವಡಿಸಿತು. ೧೯೬೧ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದದ್ದು ಈ ಸುಧಾರಿಸಿದ ಸಂತತಿ. ಮುಂದೆ ಮಗು, ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಇನ್ನೊಂದು ಮಗು ಎಂಬಂತೆ ನಮ್ಮೂರುಗಳ ಸಂಸಾರಗಳು ಸೊಂಟ ಮುರಿಯದೆ ಊರಿಂದೂರಿಗೆ ಹೋಗಿ ಬಂದುದರಲ್ಲಿ ಬೆಲ್‌ಫಾಸ್ಟಿನ ಆ ಗರಗಸ ತೋರಿದ ದಾರಿಯ ಪಾಲೂ ಸ್ವಲ್ಪ ಇದೆ.

ಇಂದಿನ ಯಜಮಾನನ ಮುಂದೆ

ಈಗ ೧೯೪೭ರದೋ ೪೮ರದೋ ಗಟ್ಟಿ ಚೌಕಟ್ಟಿನ ಟ್ರಯಂಫೊಂದು ಅಂಗಳದಲ್ಲಿ ನಿಂತಿದೆಯೆನ್ನೋಣ. ಯಜಮಾನನಿಗೆ ಮೂರು ದಾರಿಗಳಿವೆ: ಇದ್ದಂತೆ ಬಿಡುವುದು, ಸ್ಪ್ರಂಗ್ ಹಬ್ಬಿನ ಚಕ್ರವನ್ನು ಹುಡುಕಿ ಹಾಕುವುದು, ಬಾಲ ಕತ್ತರಿಸಿ ತೂಗುವ ತೋಳನ್ನು ಕೂಡಿಸುವುದು. ಮೂರನೆಯದು ಬೆನ್ನಿಗೆ ಹಿತ, ಮನಸ್ಸಿಗೆ ಕಷ್ಟ. ೧೯೪೯ರಲ್ಲಿ ಅಂಥ ಚೌಕಟ್ಟು ಬೇಕಾದಷ್ಟಿತ್ತು, ಒಂದನ್ನು ಕತ್ತರಿಸಿದರೆ ಯಾರೂ ಅಳುತ್ತಿರಲಿಲ್ಲ. ಇಂದು ಉಳಿದಿರುವುದು ಕೆಲವೇ. ಕತ್ತರಿಸಿದ್ದು ಮತ್ತೆ ಚಿಗುರುವುದಿಲ್ಲ. ಸಾಲದುದಕ್ಕೆ, ತೋಳು ಹಾಕಿದೊಡನೆ ಹಿಂಭಾಗ ತುಸು ಎತ್ತರವಾದರೆ ಮುಂದಿನ ಫೋರ್ಕಿನ ಓರೆ ಬದಲಾಗಿ ಹ್ಯಾಂಡಲ್ಲು ಚಂಚಲವಾಗುತ್ತದೆ. ಸ್ಟ್ಯಾಂಡು ನೆಲಕ್ಕೆ ಮುಟ್ಟದು, ಮಡ್‌ಗಾರ್ಡು ಕೂಡದು, ಚೈನಿನ ಮುಚ್ಚಳ ತಾಗುತ್ತದೆ. ಒಂದನ್ನು ಸರಿಮಾಡಹೊರಟವನು ಹತ್ತನ್ನು ಹೊಸದಾಗಿ ಮಾಡಬೇಕಾಗುತ್ತದೆ.

ಎರಡನೆಯ ದಾರಿಯಲ್ಲಿ ಒಂದು ನ್ಯಾಯವಿದೆ. ಸ್ಪ್ರಂಗ್ ಹಬ್ಬು ಆ ಯಂತ್ರದ ಕಾಲದ್ದೇ, ಅದರ ಕಾರ್ಖಾನೆಯದೇ; ಬೇಡವೆಂದ ದಿನ ತೆಗೆದು ಹಳೆಯ ಚಕ್ರವನ್ನು ಮತ್ತೆ ಹಾಕಬಹುದು. ಚೌಕಟ್ಟಿಗೆ ಒಂದು ಗೀರೂ ಬೀಳದು. ಗಂಟೆಗೆ ಐವತ್ತು ಮೈಲಿ ದಾಟದವನಿಗೆ ಅದರ ಕೊರತೆಗಳೂ ಅಷ್ಟಾಗಿ ತಟ್ಟಲಾರವು. ಆದರೆ ಕೊಳ್ಳುವ ಮುನ್ನ ಎರಡು ಪರೀಕ್ಷೆಗಳಾಗಬೇಕು. ಚಕ್ರವನ್ನು ಎತ್ತಿ ನಿಲ್ಲಿಸಿ, ರಿಮ್ಮಿನ ಮೇಲುತುದಿ ಕೆಳತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು ಪಕ್ಕಕ್ಕೆ ಅಲುಗಿಸಿ ನೋಡಬೇಕು. ಕಟಕಟ ಎಂದರೆ ಒಳಗೆ ಸವೆದಿದೆ. ಆ ಕೆಲಸ ಮನೆಯದಲ್ಲ, ಸಾಧನವಿದ್ದು ಅದನ್ನು ಬಲ್ಲವನದು. ಎರಡನೆಯದು ಬ್ರೇಕಿನ ಡ್ರಮ್ಮು ಸಮನಾಗಿದೆಯೇ ಎಂಬುದು. ಅಂಡಾಕಾರವಾಗಿದ್ದರೆ ಲೇತಿಗೆ ಹಾಕಿ ತೆಳುವಾಗಿ ಕೆರೆಸಬೇಕು. ಬ್ರೇಕ್ ಷೂಗಳ ಪಟ್ಟಿಯನ್ನು ಹೊಸದಾಗಿ ಹಚ್ಚಿಸುವುದರಲ್ಲಿ ಜಿಪುಣತನ ಸಲ್ಲದು.

ಹತ್ತೊಂಬತ್ತು ಅಂಗುಲದ ಹೊಸ ರಿಮ್ಮು, ಹೊಸ ಕಡ್ಡಿಗಳು. ಹಬ್ಬು ಅಗಲವಾದ್ದರಿಂದ ಕಡ್ಡಿಗಳು ಮೋಟು. ಹಳೆಯ ಚಕ್ರದವು ಬರುವುದಿಲ್ಲ. ಕಡ್ಡಿ ಹೆಣೆಯುವುದು ತಾಳ್ಮೆಯ ಕೆಲಸ. ನುರಿತ ಕೆಲಸಗಾರ ಪ್ರತಿಯೊಂದು ಕಡ್ಡಿಯನ್ನೂ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ, ವೀಣೆಯ ತಂತಿಯಂತೆ ಅದರ ನಾದ ಕೇಳಿ ಬಿಗಿತ ಹೇಳಬಲ್ಲ. ಒಂದು ಮಂಕಾಗಿ ನುಡಿದರೆ ಅದರ ಭಾರವನ್ನು ನೆರೆಯ ಕಡ್ಡಿಗಳು ಹೊರುತ್ತಿವೆ ಎಂದರ್ಥ. ಚಕ್ರವನ್ನು ಕೂಡಿಸಿದ ಮೇಲೆ ಹಿಂದಿನ ಟೈರಿನ ಪಕ್ಕದಿಂದ ಮುಂದಿನ ಟೈರಿನವರೆಗೆ ದಾರವೊಂದನ್ನು ಬಿಗಿಯಾಗಿ ಹಿಡಿದು, ಎರಡು ಚಕ್ರಗಳೂ ಒಂದೇ ಗೆರೆಯಲ್ಲಿವೆಯೇ ಎಂದು ಎರಡೂ ಬದಿಗಳಲ್ಲಿ ನೋಡಬೇಕು. ಬ್ರೇಕಿನ ತಟ್ಟೆಯನ್ನು ಚೌಕಟ್ಟಿಗೆ ಹಿಡಿದಿಡುವ ಕಂಬಿಯ ನಟ್ಟನ್ನು ಮರೆತವರುಂಟು. ಅದು ಕಳಚಿದರೆ ಬ್ರೇಕು ಒತ್ತಿದ ಕ್ಷಣ ತಟ್ಟೆಯೇ ತಿರುಗಿ ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ಅದನ್ನು ಎರಡು ಬಾರಿ ನೋಡುವುದು ಒಳಿತು.

ಮೊದಲ ಸವಾರಿ ಒಬ್ಬನೇ, ಸಮವಾದ ರಸ್ತೆಯಲ್ಲಿ, ನಿಧಾನವಾಗಿ. ಐವತ್ತು ಮೈಲಿ ಓಡಿದ ಮೇಲೆ ಹೊಸ ಕಡ್ಡಿಗಳು ತಮ್ಮ ಜಾಗದಲ್ಲಿ ಕೂತು ಸ್ವಲ್ಪ ಸಡಿಲವಾಗಿರುತ್ತವೆ. ಚಕ್ರವನ್ನು ಮತ್ತೆ ಎತ್ತಿ ನಿಲ್ಲಿಸಿ, ಒಂದೊಂದನ್ನೂ ತಟ್ಟಿ ಕೇಳಿ, ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ಬಿಗಿಮಾಡಬೇಕು. ಹಿಂದಿನ ಸೀಟಿಗೆ ಹೆಂಡತಿಯನ್ನು ಕರೆಯುವುದು ಅದಾದ ಮೇಲೆ.